ದೇವದಾಸನನ್ನು ಕೊಂದದ್ದು ಯಾರು?

ಶರತ್‌ಚಂದ್ರ ಚಟ್ಟೋಪಾಧ್ಯಾಯರ ‘ದೇವದಾಸ’ ಪುಸ್ತಕವಾಗಿ ಬಂದದ್ದು 1917ರಲ್ಲಿ. ದೇವದಾಸನನ್ನು ಕೊಂದದ್ದು ಯಾರೆಂದು ಕೇಳಿದರೆ ಅಂದಿನಿಂದ ನಾವು ಕೊಡುತ್ತಾ ಬಂದ ಉತ್ತರ ಒಂದೇ: ವಿರಹ. ಅಂತಸ್ತಿನ ಗೋಡೆ, ಹಿರಿಯರ ಹಟ, ಪಾರ್ವತಿಯ ಮದುವೆ ಎಲ್ಲವೂ ಆರೋಪಿಗಳ ಪಟ್ಟಿಯಲ್ಲಿವೆ. ಬಾಟಲಿಯ ಹೆಸರು ಮಾತ್ರ ಅಲ್ಲಿಲ್ಲ. ನಮ್ಮ ಕಣ್ಣಿಗೆ ಅದು ದುಃಖಿಯ ಸಂಗಾತಿ, ಹೆಚ್ಚೆಂದರೆ ಗಾಯಕ್ಕೆ ಹಚ್ಚಿದ ಮುಲಾಮು.

ಕಾದಂಬರಿಯನ್ನು ಇನ್ನೊಮ್ಮೆ ಓದಿದರೆ ಬೇರೆಯೇ ಕತೆ ಕಾಣುತ್ತದೆ. ದೇವದಾಸ ಓದಲೆಂದು ಹಳ್ಳಿಯಿಂದ ಕಲ್ಕತ್ತೆಗೆ ಹೋದ ಹುಡುಗ. ಅವನಿಗೆ ಚಂದ್ರಮುಖಿಯ ಮನೆಯ ದಾರಿ ತೋರಿಸಿದವನು ಮೆಸ್ಸಿನ ಗೆಳೆಯ ಚುನ್ನಿಲಾಲ್. ಕುಡಿತ ಬೆಳೆದದ್ದು ಆ ಸಹವಾಸದಲ್ಲಿ. ಮುಂದೆ ಯಕೃತ್ತು ಕೆಡುತ್ತದೆ, ವೈದ್ಯರು ಎಚ್ಚರಿಸುತ್ತಾರೆ, ಅವನು ಬಿಡುತ್ತಾನೆ, ಮತ್ತೆ ಹಿಡಿಯುತ್ತಾನೆ. ತಿಳಿದೂ ತಿಳಿದೂ ಸಾವಿನತ್ತ ನಡೆಯುವುದನ್ನು ಏನೆಂದು ಕರೆಯಬೇಕು? ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಜರ್ 1938ರ ತಮ್ಮ ಗ್ರಂಥದಲ್ಲಿ ಕುಡಿತದ ಚಟವನ್ನು ನಿಧಾನಗತಿಯ ಆತ್ಮಹತ್ಯೆಯ ಸಾಲಿನಲ್ಲೇ ಇಟ್ಟರು. ಶರತ್‌ಚಂದ್ರರಿಗೂ ಈ ಕೃತಿಯ ಬಗ್ಗೆ ಹೆಮ್ಮೆಯಿರಲಿಲ್ಲ. ಅದು ಕುಡಿದು ಬರೆದದ್ದು, ಅದರಿಂದ ತಮಗೆ ನಾಚಿಕೆಯಾಗುತ್ತದೆ ಎಂದು ಗೆಳೆಯರಿಗೆ ಪತ್ರ ಬರೆದಿದ್ದರು. ಇಂಥ ಸಾವು ಯಾರಿಗೂ ಬಾರದಿರಲಿ ಎಂಬ ಮೊರೆಯೊಂದಿಗೇ ಅವರು ಕತೆ ಮುಗಿಸಿದರು.

ಸಿನಿಮಾ ಆ ಮೊರೆಯನ್ನು ಬಿಟ್ಟು ಅಮಲನ್ನು ಇಟ್ಟುಕೊಂಡಿತು. 1936ರ ಹಿಂದಿ ದೇವದಾಸನಾಗಿ ಹಾಡಿದ ಸೈಗಲ್ ಸ್ವತಃ ಕುಡಿತಕ್ಕೆ ಸಿಕ್ಕಿ 1947ರಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡರು. 2002ರ ಸಂಜಯ್ ಲೀಲಾ ಬನ್ಸಾಲಿಯವರ ಚಿತ್ರದಲ್ಲಂತೂ ಸಾವೇ ಒಂದು ಉತ್ಸವ. ಓಡಿ ಬರುವ ಪಾರೋ, ಮುಚ್ಚಿಕೊಳ್ಳುವ ಬೃಹತ್ ಬಾಗಿಲು! ಕಣ್ಣೊರೆಸಿಕೊಂಡು ಹೊರಬಂದ ಪ್ರೇಕ್ಷಕನಿಗೆ ಪ್ರೇಮಿ ನೆನಪಿರುತ್ತಾನೆ, ರೋಗಿ ನೆನಪಿರುವುದಿಲ್ಲ. 2009ರ ‘ದೇವ್ ಡಿ’ಯಲ್ಲಿ ಅನುರಾಗ್ ಕಶ್ಯಪ್ ನಾಯಕನನ್ನು ಬದುಕಿಸಿದರು. ಆ ಒಂದು ಬದಲಾವಣೆಗಾಗಿ ಅವರನ್ನು ಮೆಚ್ಚಬೇಕು.

ಉರ್ದು ಶಾಯರಿಯ ಸಾಖಿ, ಮೈಖಾನಾಗಳನ್ನು ಹಲವು ಸಲ ರೂಪಕವೆಂದು ಓದಬಹುದು. ಆದರೆ ಮಜಾಜ್ ಲಖ್ನವಿಯ ಸಾವು ರೂಪಕವಲ್ಲ. ಅಲೀಗಢ ವಿಶ್ವವಿದ್ಯಾಲಯದ ಹುಡುಗರು ಇಂದಿಗೂ ಹಾಡುವ ತರಾನಾ ಈ ಕವಿಯದು. 1955ರ ಡಿಸೆಂಬರಿನ ಚಳಿಯ ರಾತ್ರಿ ಲಖ್ನೋದ ಶರಾಬುಖಾನೆಯೊಂದರ ಮಾಳಿಗೆಯ ಮೇಲೆ ಅವರನ್ನು ಬಿಟ್ಟು ಜೊತೆಗೆ ಕುಡಿದವರು ಹೊರಟುಹೋದರು. ಮಜಾಜ್ ಉಳಿಯಲಿಲ್ಲ. ಆಗ ವಯಸ್ಸು 44.

ಪುಸ್ತಕದ ದೇವದಾಸನನ್ನು ಓದಿದ ಹಾಗೆಯೇ ನಾವು ಹಾಸ್ಟೆಲಿನ ಹುಡುಗನನ್ನೂ ಓದುತ್ತಿದ್ದೇವೆ ಎಂಬುದು ನಮ್ಮ ತಕರಾರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅದರ ಕೋಷ್ಟಕದಲ್ಲಿ ಪರೀಕ್ಷೆಯ ಸೋಲು ಒಂದು ಕಾಲಂ, ಪ್ರೇಮ ಪ್ರಕರಣ ಇನ್ನೊಂದು, ಮದ್ಯ ಮತ್ತು ಮಾದಕ ವಸ್ತುಗಳ ಚಟ ಮತ್ತೊಂದು. ಫೇಲಾದ ನೋವಿನಲ್ಲಿ ಆ ರಾತ್ರಿ ಕಂಠಪೂರ್ತಿ ಕುಡಿದಿದ್ದ ಹುಡುಗ ಯಾವ ಕಾಲಮಿಗೆ ಸೇರಬೇಕು? ‘ಫೇಲಾಗಿದ್ದ ಪಾಪ’ ಎಂದು ಊರೂ ಮಾತು ಮುಗಿಸುತ್ತದೆ.

ಮದ್ಯ ದುಃಖವನ್ನು ಮರೆಸುವುದು ಗಳಿಗೆಯ ಮಟ್ಟಿಗೆ. ಆಮೇಲೆ ಅದು ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ, ನಿದ್ದೆ ಕೆಡಿಸುತ್ತದೆ, ಹಿಂದುಮುಂದು ನೋಡುವ ವಿವೇಕವನ್ನು ಕಿತ್ತುಕೊಳ್ಳುತ್ತದೆ. ಬೆಳಗಿನ ತನಕ ತಡೆದುಕೊಂಡಿದ್ದರೆ ಇಳಿದುಹೋಗಬಹುದಾಗಿದ್ದ ಯೋಚನೆ ಅಮಲಿನಲ್ಲಿ ಕೃತ್ಯವಾಗಿಬಿಡುತ್ತದೆ. ಇದಕ್ಕೆ ಹತ್ತು ವರ್ಷದ ಚಟ ಬೇಕಿಲ್ಲ, ಮಿತಿಮೀರಿ ಕುಡಿದ ಒಂದು ರಾತ್ರಿ ಸಾಕು. ಖಿನ್ನತೆ ಕುಡಿತಕ್ಕೆ ತಳ್ಳುತ್ತದೆ, ಕುಡಿತ ಖಿನ್ನತೆಯನ್ನು ಬೆಳೆಸುತ್ತದೆ.

ನಮ್ಮ ಸಮಾಜದಲ್ಲಿ ಇದಕ್ಕೆ ಇನ್ನೊಂದು ಬೀಗವಿದೆ. ಮದ್ಯ ಹರಾಮ್, ಆತ್ಮಹತ್ಯೆಯೂ ಹರಾಮ್. ಇದು ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ನಿಷೇಧವನ್ನು ಹೇಳಿ ಮುಗಿಸುವುದು ಸುಲಭ, ಎಡವಿದವನ ಬಳಿ ಕೂತು ಕೇಳುವುದು ಕಷ್ಟ. ಹಾಗಾಗಿ ಮುಸ್ಲಿಂ ಹುಡುಗ ಕುಡಿತವನ್ನೂ ಅಡಗಿಸುತ್ತಾನೆ, ಸಾಯಬೇಕೆನಿಸುವುದನ್ನೂ ಅಡಗಿಸುತ್ತಾನೆ. ಹಾಸ್ಟೆಲಿನಿಂದ ಹೊರಹಾಕಿಯಾರೆಂಬ ಭಯ ಎಲ್ಲ ಜಾತಿ-ಮತದ ಹುಡುಗರದೂ ಹೌದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಶಿಕ್ಷಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಾನೂನು ಕೈಬಿಟ್ಟ ಶಿಕ್ಷೆಯನ್ನು ನಮ್ಮ ನಾಲಗೆಗಳು ಕೊಡುತ್ತಲೇ ಇವೆ.

ಇನ್ನು ನಮ್ಮ ಕತೆಗಾರರು ಬರೆಯಬೇಕಾದದ್ದು ಚುನ್ನಿಲಾಲನ ಕತೆ. ಮೆಸ್ಸಿನಲ್ಲಿ ಪಕ್ಕದ ಹಾಸಿಗೆಯವನು ಏಕಾಏಕಿ ಹೆಚ್ಚು ಕುಡಿಯತೊಡಗಿದಾಗ, ‘ಬದುಕಿ ಏನು ಪ್ರಯೋಜನ’ ಎಂದಾಗ, ಅದನ್ನು ಅಮಲಿನ ಮಾತೆಂದು ತಳ್ಳಿಹಾಕದ ಗೆಳೆಯನ ಕತೆ. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡದೆ, ಬೆಳಿಗ್ಗೆ ವೈದ್ಯರ ಹತ್ತಿರ ಕರೆದೊಯ್ಯುವವನ ಕತೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕತೆಯಲ್ಲಿ ಆ ಸಂಖ್ಯೆ ಬಂದರೆ ಕಲೆಗೇನೂ ಕುಂದಾಗದು.