ಬಹುರೂಪಧಾರಣವೂ ಗೃಹಸ್ಥಧರ್ಮವೂ
(‘ಮಲ್ಟಿಪ್ಲಿಸಿಟಿ’ ಎಂಬ ಹಾಸ್ಯಚಿತ್ರದ ವಿಮರ್ಶೆ)

ಶೃಂಗಾರದ ಅನುಕೃತಿಯಿಂದ ಹಾಸ್ಯವು ಹುಟ್ಟುವುದೆಂದು ಭರತಮುನಿಯ ಮತ. ಅನುಕೃತಿಯೆಂದರೆ ಬರಿಯ ಅಣಕವಲ್ಲ. ಮೂಲದಂತೆ ತೋರಿಯೂ ಮೂಲವಾಗದೆ ಉಳಿಯುವುದೆಂದು ತಾತ್ಪರ್ಯ. ಅಭಿನವಗುಪ್ತಾಚಾರ್ಯರು ಇದನ್ನು ವಿಸ್ತರಿಸಿ, ಯಾವ ರಸವೇ ಆಗಲಿ ಆಭಾಸವಾದಲ್ಲಿ ಹಾಸ್ಯಕ್ಕೆ ಎಡೆಯಾಗುವುದೆಂದು ನಿರೂಪಿಸಿರುವರು. ಈ ಲಕ್ಷಣಕ್ಕೆ ಅಕ್ಷರಶಃ ಲಕ್ಷ್ಯವೆನ್ನಬಹುದಾದ ಕೃತಿಯೊಂದು 1996ರಲ್ಲಿ ಅಮೆರಿಕಾ ದೇಶದಲ್ಲಿ ಚಲಚ್ಚಿತ್ರರೂಪವಾಗಿ ಹೊರಬಂದಿತು. ಹೆರಾಲ್ಡ್ ರೇಮಿಸ್ ನಿರ್ದೇಶಿಸಿದ ‘ಮಲ್ಟಿಪ್ಲಿಸಿಟಿ’, ಎಂದರೆ ‘ಬಹುತ್ವ’, ಎಂಬುದೇ ಆ ಚಿತ್ರ. ಅದರಲ್ಲಿ ನಾಯಕನ ಅನುಕೃತಿಗಳೇ ಪಾತ್ರಗಳಾಗಿರುವುವು. ಮೈಕೆಲ್ ಕೀಟನ್ ಎಂಬ ನಟನೊಬ್ಬನೇ ನಾಲ್ಕು ಪಾತ್ರಗಳನ್ನೂ ಧರಿಸಿರುವನು.

ಕಥಾವಸ್ತು ಸರಳವಾದುದು. ಡಗ್ ಕಿನ್ನಿ ಎಂಬುವನು ಕಟ್ಟಡದ ಕೆಲಸ ಮಾಡಿಸುವ ಗೃಹಸ್ಥ. ಕೆಲಸಕ್ಕೆ ನಿಂತರೆ ಮನೆಯಿಲ್ಲ, ಮನೆಗೆ ನಿಂತರೆ ಕೆಲಸವಿಲ್ಲ, ಎರಡಕ್ಕೂ ನಿಂತರೆ ತಾನೇ ಇಲ್ಲ ಎಂಬಂತಹ ಸ್ಥಿತಿ ಅವನದು. ವಿಜ್ಞಾನಿಯೊಬ್ಬನು ಅವನಿಗೆ ತದ್ರೂಪಿಯೊಂದನ್ನು ಮಾಡಿಕೊಡುವನು. ಎರಡನೆಯವನು ಉದ್ಯೋಗಕ್ಕಾದನು, ಬಳಿಕ ಮೂರನೆಯವನೊಬ್ಬನು ಮನೆವಾರ್ತೆಗಾದನು. ಆ ತದ್ರೂಪಿಗಳು ತಮ್ಮ ಸಹಾಯಕ್ಕೆಂದು ನಾಲ್ಕನೆಯವನನ್ನು ಮಾಡಿಸಿಕೊಳ್ಳುವರು. ಪ್ರತಿಯ ಪ್ರತಿಯಾದ ಅವನು ಬುದ್ಧಿ ಮಸುಕಾಗಿ ಶಿಶುವಿನಂತೆ ವರ್ತಿಸುವನು. ಓಲೆಯ ಗರಿಯಿಂದ ಗರಿಗೆ ಪ್ರತಿ ಎತ್ತಿದಷ್ಟೂ ಪಾಠವು ಕೆಡುವ ಬಗೆಯನ್ನು ಬಲ್ಲ ಗ್ರಂಥಸಂಪಾದಕರಿಗೆ ಈ ನಾಲ್ಕನೆಯವನು ಹಳೆಯ ಪರಿಚಯದವನೇ ಸರಿ.

ಶಾಸ್ತ್ರದೃಷ್ಟಿಯಿಂದ ಇದು ಸಲ್ಲದ ಕಲ್ಪನೆ. ಡಾಲಿ ಎಂಬ ಕುರಿಯು ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದುದು 1996ರ ಜುಲೈ 5ರಂದು. ಚಿತ್ರವು ತೆರೆಕಂಡುದೂ ಅದೇ ತಿಂಗಳಿನಲ್ಲಿ. ಕುರಿಯ ಸುದ್ದಿ ಲೋಕಕ್ಕೆ ತಿಳಿದುದು 1997ರ ಫೆಬ್ರವರಿಯಲ್ಲಿ. ಆ ಕುರಿಯಾದರೋ ಮರಿಯಾಗಿಯೇ ಹುಟ್ಟಿ ಬೆಳೆಯಿತು. ಚಿತ್ರದ ತದ್ರೂಪಿಗಳು ಬೆಳೆದ ದೇಹವನ್ನೂ ಹಿಂದಿನ ನೆನಪನ್ನೂ ಹೊತ್ತೇ ಎದ್ದು ಬರುವರು. ಆದುದರಿಂದ ಇವರ ಕುಲವನ್ನು ಪ್ರಯೋಗಶಾಲೆಯಲ್ಲಿ ಹುಡುಕದೆ ಪುರಾಣದಲ್ಲಿ ಹುಡುಕುವುದೇ ಯುಕ್ತ.

ವಿಷ್ಣುಪುರಾಣದ ಸೌಭರಿ ಮುನಿಯು ಮಾಂಧಾತನ ಐವತ್ತು ಮಂದಿ ಕುಮಾರಿಯರನ್ನು ವರಿಸಿ ಸಂಸಾರ ಹೂಡಿದನಷ್ಟೆ. ಮಗಳಂದಿರನ್ನು ನೋಡಬಂದ ತಂದೆಗೆ ಒಬ್ಬೊಬ್ಬಳೂ ಹೇಳಿದುದು ಒಂದೇ ಕೊರತೆ: ಪತಿಯು ಸದಾ ತನ್ನ ಬಳಿಯಲ್ಲಿಯೇ ಇರುವನು, ಅಕ್ಕತಂಗಿಯರ ಕಡೆಗೆ ಹೋಗುವುದೇ ಇಲ್ಲ! ಇದು ಕಾಯವ್ಯೂಹದ ಫಲ. ಯೋಗಿಯು ನಿರ್ಮಿಸಿಕೊಂಡ ದೇಹಗಳು ಎಷ್ಟೇ ಇರಲಿ, ಅವುಗಳನ್ನು ನಡೆಸುವ ಚಿತ್ತವು ಒಂದೇ ಎಂದು ಯೋಗಶಾಸ್ತ್ರವು ವಿಧಿಸುತ್ತದೆ. ಡಗ್ ಕಿನ್ನಿಗೆ ಸೌಭರಿಯ ದೇಹಗಳು ದೊರೆತುವು. ಆ ಏಕಚಿತ್ತವು ದೊರೆಯಲಿಲ್ಲ. ಚಿತ್ರದ ಹಾಸ್ಯವೆಲ್ಲವೂ ಈ ಒಂದು ಕೊರತೆಯಿಂದಲೇ ಹೊಮ್ಮುವುದು.

ಕೃತಿಯ ಗುಣವೂ ಇಲ್ಲಿಯೇ ಇದೆ. ಎರಡನೆಯವನೂ ಮೂರನೆಯವನೂ ಮೂಲದ ಒಂದೇ ಸ್ವಭಾವದಿಂದ ಹೊರಟವರು. ದಿನವೆಲ್ಲ ಆಳುಗಳೊಡನೆ ಕೂಗಾಡಿದ ಎರಡನೆಯವನು ಒರಟನಾದನು. ಅಡುಗೆಮನೆಯಲ್ಲಿ ನಿಂತ ಮೂರನೆಯವನು ಮೃದುವಾದನು. ಮಾಡುವ ಕೆಲಸವು ಮಾಡುವವನನ್ನೇ ತಿದ್ದುವುದೆಂಬ ತತ್ತ್ವವನ್ನು ನಿರ್ದೇಶಕನು ಉಪದೇಶವಿಲ್ಲದೆ, ನಡಿಗೆ ನುಡಿಗಳ ಭೇದದಿಂದಲೇ ತೋರಿಸಿರುವನು. ಕೆಲಸಗಳನ್ನು ಹಂಚಿಕೊಂಡು ಹಗುರವಾಗಲು ಹೋದ ಗೃಹಸ್ಥನು ತನ್ನನ್ನೇ ಹಂಚಿಕೊಂಡು ಬರಿದಾದನು. ಮಕ್ಕಳಿಗೆ ತಂದೆ ಸಿಕ್ಕಿದನು, ಕಂಪನಿಗೆ ನೌಕರನು ಸಿಕ್ಕಿದನು. ಇಡಿಯ ಮನುಷ್ಯನು ಯಾರಿಗೂ ಸಿಕ್ಕಲಿಲ್ಲ.

ಇನ್ನು ದೋಷದ ವಿಚಾರ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, 13ನೆಯ ಶತಮಾನದ ಹೊಯ್ಸಳ ದೇಗುಲದೊಳಗೆ, ವಿಷ್ಣುವೊಬ್ಬನಿಗೇ ಮೂರು ಗರ್ಭಗೃಹಗಳುಂಟು: ಕೇಶವ, ಜನಾರ್ದನ, ವೇಣುಗೋಪಾಲ. ಶಂಖ ಚಕ್ರ ಗದಾ ಪದ್ಮಗಳು ನಾಲ್ಕು ಕೈಗಳಲ್ಲಿ ಸ್ಥಾನ ಬದಲಿಸಿದಂತೆ ಆಗಮಗಳು ಇಪ್ಪತ್ತನಾಲ್ಕು ಮೂರ್ತಿಗಳನ್ನು ಎಣಿಸುತ್ತವೆ. ರೂಪವು ಬಹುವಾದಲ್ಲಿ ಗುರುತು ತಿಳಿಯುವ ಹಕ್ಕು ಭಕ್ತನಿಗೆ ಇದ್ದೇ ಇರಬೇಕೆಂಬುದು ಇದರ ಮರ್ಮ. ನಳೋಪಾಖ್ಯಾನದಲ್ಲಿಯೂ ಹಾಗೆಯೇ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಮನೆಮಾತಾದ ಆ ಕಥೆಯ ಭಾರತಮೂಲದಲ್ಲಿ, ನಾಲ್ವರು ದೇವತೆಗಳು ನಳನ ರೂಪದಿಂದ ಕುಳಿತಾಗ ದಮಯಂತಿಯು ತನ್ನ ಸತ್ಯವನ್ನೇ ಪಣವಾಗಿಟ್ಟು ಬೇಡಿ ಗುರುತನ್ನು ಪಡೆದಳು. ಬೆವರಿದವನು, ಧೂಳು ಹತ್ತಿದವನು, ಮಾಲೆ ಬಾಡಿದವನು, ನೆರಳುಳ್ಳವನು ಯಾವನೋ ಅವನೇ ಪತಿ. ದಣಿವೇ ಅಲ್ಲಿ ಮನುಷ್ಯತ್ವದ ಮುದ್ರೆ.

ಚಿತ್ರದ ಲಾರಾಳಿಗೆ ಈ ಅಧಿಕಾರವಿಲ್ಲ. ನಾಲ್ವರ ಭೇದವು ಪ್ರೇಕ್ಷಕನಿಗೆ ಮೊದಲ ನೋಟದಲ್ಲಿಯೇ ಸ್ಪಷ್ಟ. ಹೆಂಡತಿಗೆ ಮಾತ್ರ ಅದು ಕಾಣದು. ಅವಳನ್ನು ಯಾರೂ ಮುಟ್ಟಕೂಡದೆಂಬ ಯಜಮಾನನ ಕಟ್ಟಳೆಯನ್ನು, ಅವನು ವಿಹಾರಕ್ಕೆ ಹೋದಾಗ, ಮೂವರೂ ಮುರಿಯುವರು. ಅದನ್ನು ಕೃತಿಯು ನಗೆಯ ಸಂದರ್ಭವಾಗಿಯೇ ಕಳೆದುಬಿಡುತ್ತದೆ.

ಪ್ರಹಸನಕ್ಕೆ ಇಷ್ಟು ಕಟ್ಟುನಿಟ್ಟೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಹಾಸ್ಯಕ್ಕೂ ಔಚಿತ್ಯವುಂಟೆಂಬುದೇ ಅದಕ್ಕೆ ಸಮಾಧಾನ. ಮೋಸಹೋದವರ ನೋವನ್ನು ಮರೆಸಿ ಮೋಸಮಾಡಿದವರ ಪೇಚಾಟವನ್ನಷ್ಟೇ ತೋರಿಸಿದರೆ ಆಭಾಸವು ಹಾಸ್ಯವನ್ನೇ ನುಂಗುವುದು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿಯೂ ನಾಗನು ಗಂಡನ ರೂಪದಿಂದ ರಾಣಿಯ ಬಳಿಗೆ ಬರುವನು, ಪ್ರಶ್ನೆ ಕೇಳಬೇಡವೆಂದೂ ವಿಧಿಸುವನು. ಆದರೆ ಅಲ್ಲಿ ನಾಟಕವು ನಿಂತಿರುವುದೇ ರಾಣಿಯ ಕೇಳದ ಪ್ರಶ್ನೆಯ ಮೇಲೆ. ಹಗಲಿನವನು ಕಠಿಣ, ಇರುಳಿನವನು ಕೋಮಲ ಎಂಬ ಭೇದವನ್ನು ಅವಳ ಮನಸ್ಸು ಕಂಡಿದೆ, ಅವಳ ಬಾಯಿ ಮಾತ್ರ ಕಟ್ಟಿದೆ. ಲಾರಾಳಿಗೆ ಆ ಅಳಲನ್ನಾದರೂ ಕೊಟ್ಟಿದ್ದರೆ ಕೃತಿಯ ತೂಕವೇ ಬೇರೆಯಾಗುತ್ತಿತ್ತು.

ಕೊನೆಯಲ್ಲಿ ಗಂಡನ ಚಂಚಲತೆಗೆ ಬೇಸತ್ತು ಲಾರಾ ಮಕ್ಕಳೊಡನೆ ಮನೆಬಿಟ್ಟು ಹೋಗುವಳು. ಬಹುಕಾಲದಿಂದ ಅರೆಯಾಗಿ ನಿಂತಿದ್ದ ಮನೆಯನ್ನು ನಾಲ್ವರೂ ಕೂಡಿ ಸರಿಪಡಿಸುವರು, ಅವಳು ಮರಳುವಳು, ತದ್ರೂಪಿಗಳು ದೂರದೂರಿಗೆ ಹೋಗಿ ತಿಂಡಿಯಂಗಡಿ ಇಡುವರು. ಗೋಡೆಗಳ ಬಿರುಕು ಮುಚ್ಚಿತು. ನಿಜವನ್ನು ಮಾತ್ರ ಗಂಡನು ಹೆಂಡತಿಗೆ ಹೇಳಲಿಲ್ಲ. ಸೌಭರಿಯಾದರೋ ಆಸೆಗೆ ಕೊನೆಯಿಲ್ಲವೆಂಬುದನ್ನು ತಾನೇ ಅರಿತು, ಪತ್ನಿಯರೊಡನೆ ಕಾಡಿಗೆ ನಡೆದನು. ಗೃಹಸ್ಥನ ಹೊರೆಯು ಎಷ್ಟು ದೇಹಗಳಿಗೆ ಹಂಚಿದರೂ ಇಳಿಯದೆಂಬುದನ್ನು ಚಿತ್ರವು ಚೆನ್ನಾಗಿ ಕಂಡಿದೆ. ಆ ಹೊರೆಯ ಇನ್ನೊಂದು ತುದಿಯನ್ನು ಹೊತ್ತವಳಿಗೆ ಹೇಳಿ ಹಂಚಿಕೊಳ್ಳುವುದೇ ಅದನ್ನು ಹಗುರಮಾಡುವ ದಾರಿಯೆಂಬುದನ್ನು ಕಾಣಲಿಲ್ಲ.