‘ಜ್ಯೋತಿ’ಯನ್ನು ಕೇಳುವ ಬಗೆ: ಚೌಡಿಕೆ ಸೀಮೆಯ ರಸಿಕರಿಗೊಂದು ಕೈಪಿಡಿ

ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ನಾಲ್ವರು ಕಲಾವಿದರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಕೂಡಿ 1983ರ ಫೆಬ್ರುವರಿಯಲ್ಲಿ ಜರ್ಮನಿಯಲ್ಲಿ ಧ್ವನಿಮುದ್ರಿಸಿದ, ಇಸಿಎಂ ಸಂಸ್ಥೆ ಹೊರತಂದ ‘ಜ್ಯೋತಿ’ ಎಂಬ ಆಲ್ಬಮ್ಮು ಕನ್ನಡ ನಾಡಿನಲ್ಲಿ ಹೆಚ್ಚುಕಡಿಮೆ ಅಪರಿಚಿತವಾಗಿಯೇ ಉಳಿದಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಂತೂ ‘ಫ್ಯೂಷನ್’ ಎಂಬ ಮಾತಿಗೆ ಬೇರೆಯದೇ ಅರ್ಥ ಕಟ್ಟಿಕೊಂಡಿದೆ: ಉತ್ಸವದ ವೇದಿಕೆಯ ಮೇಲೆ ಹೊಗೆ ಬಿಟ್ಟು, ಎಲೆಕ್ಟ್ರಾನಿಕ್ ಪ್ಯಾಡಿನ ಬಡಿತಕ್ಕೆ ಸಿನಿಮಾ ಹಾಡಿನ ಧಾಟಿಯನ್ನು ಪಿಟೀಲಿನಲ್ಲಿ ನುಡಿಸಿ, ನಡುವೆ ಒಂದಿಷ್ಟು ಸರಿಗಮ ಸೇರಿಸಿದರೆ ಅದೇ ಫ್ಯೂಷನ್ ಎಂದು ಜನ ಚಪ್ಪಾಳೆ ತಟ್ಟುತ್ತಾರೆ. ಅಂಥ ಚಪ್ಪಾಳೆಯ ಅಬ್ಬರದಲ್ಲಿ ಸೂಕ್ಷ್ಮವಾದುದೇನೂ ಕಿವಿಗೆ ಬೀಳುವುದಿಲ್ಲವಾದ್ದರಿಂದ, ಈ ಸೀಮೆಯ ಕೇಳುಗನು ತನ್ನಲ್ಲಿ ಮೊದಲೇ ಇರುವ ಕಿವಿಯನ್ನು ಗುರುತಿಸಿಕೊಂಡು ‘ಜ್ಯೋತಿ’ಯ ಕಡೆಗೆ ಹೇಗೆ ಹೊರಳಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಫ್ಯೂಷನ್ನಿನ ಮೂಲವನ್ನು ನೋಡಿದರೆ, 1960ರ ದಶಕದ ಕೊನೆಯಲ್ಲಿ ಮೈಲ್ಸ್ ಡೇವಿಸ್ ಮೊದಲಾದವರು ಜಾಝ್‌ನ ಮನೋಧರ್ಮಕ್ಕೆ, ಅಂದರೆ ಆ ಕ್ಷಣದಲ್ಲೇ ಹುಟ್ಟಿಸಿಕೊಂಡು ನುಡಿಸುವ ಗುಣಕ್ಕೆ, ರಾಕ್ ಸಂಗೀತದ ವಿದ್ಯುತ್ ವಾದ್ಯಗಳನ್ನೂ ಲಯದ ಬಿಗಿಯನ್ನೂ ಜೋಡಿಸಿದ್ದರಿಂದ ಜಾಝ್-ರಾಕ್ ಹುಟ್ಟಿತೆಂಬುದು ಎಲ್ಲರೂ ಬಲ್ಲ ಸಂಗತಿ. ಮ್ಯೂನಿಕ್ ನಗರದಲ್ಲಿ 1969ರಲ್ಲಿ ಕ್ರಿಸ್ಟಿಯನ್ ಬರ್ಚರ್ಡ್ ಕಟ್ಟಿದ ‘ಎಂಬ್ರಿಯೊ’ ಎಂಬ ತಂಡವು ಅದೇ ಬಳ್ಳಿಯ ಕುಡಿಯಾಗಿದ್ದು, ಟಿ.ಎ.ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಈ ತಾಳವಾದ್ಯ ಶಾಲೆಯೂ ಮರಿಯಾನೊ ಅವರೂ ಆ ತಂಡದೊಡನೆ ನುಡಿಸಿದ್ದರು. ಹೀಗೆ ‘ಜ್ಯೋತಿ’ಯ ಬೇರು ವಿದ್ಯುತ್ ಸಂಗೀತದಲ್ಲಿದೆ, ಆದರೆ ಆ ಆಲ್ಬಮ್ಮಿನಲ್ಲಿ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ, ಡ್ರಮ್ ಸೆಟ್ ಇಲ್ಲ. ಆರ್.ಎ. ರಮಾಮಣಿ ಅವರ ಕಂಠ ಮತ್ತು ತಂಬೂರಿ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಇವುಗಳೊಡನೆ ಮರಿಯಾನೊ ಅವರ ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ಮಾತ್ರ ಇವೆ. ವಿದ್ಯುತ್ತಿಲ್ಲದ ಈ ಕೃತಿಯನ್ನು ಜಾಝ್-ರಾಕ್‌ನ ನೆಂಟನೆಂದು ಕರೆಯಲು ಕಾರಣವೇನೆಂಬ ಪ್ರಶ್ನೆಗೆ ಉತ್ತರವು ಒಂದೇ ಪದದಲ್ಲಿದೆ: ಜಾರು.

ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯದೆ, ನಡುವಿನ ದಾರಿಯನ್ನೂ ಕೇಳಿಸುತ್ತ ಸರಿಯುವುದೇ ಜಾರು. ಹಾಡುಗಾರಿಕೆಯಲ್ಲಿ ಇದನ್ನು ಗುರುತಿಸಿ ತಲೆದೂಗುವ ರಸಿಕರು ಚರ್ಮವಾದ್ಯದ ಜಾರಿಗೆ ಕಿವುಡರಾಗಿರುವುದು ಸೋಜಿಗದ ವಿಷಯ. ಮೃದಂಗದ ಎಡಮುಖಕ್ಕೆ ಕಲಸಿದ ರವೆಯನ್ನು ಅಂಟಿಸಿ ಅದರ ನಾದವನ್ನು ಕೆಳಗಿಳಿಸಿದ ಬಳಿಕ, ವಾದಕನು ಬೆರಳುಗಳಿಂದ ತಟ್ಟಿ ಅಂಗೈಯ ಬುಡದಿಂದ ಚರ್ಮವನ್ನು ಒತ್ತಿ ಸರಿಸಿದಾಗ ‘ಗುಂ’ ಎಂಬ ನಾದವು ಮೇಲಕ್ಕೇರುತ್ತದೆ. ಇದಕ್ಕೆ ಗುಮ್ಕಿ ಎಂದು ಹೆಸರು. ರಾಮದುರ್ಗದ ಕಡೆಯ ಭಜನಾ ಮೇಳಗಳಲ್ಲಿ ಡಗ್ಗಾ ನುಡಿಸುವವನು ಮಣಿಕಟ್ಟನ್ನು ಒತ್ತಿ ತೆಗೆಯುವ ನಾದವೂ ಇದೇ ಜಾತಿಯದು. ಖಂಜಿರದಲ್ಲಿ ಈ ಗುಣವು ಇನ್ನೂ ಸೂಕ್ಷ್ಮವಾಗಿದೆ: ಅಂಗೈಯಗಲದ ಹಲಸಿನ ಚೌಕಟ್ಟಿಗೆ ಹಿಂದೆ ಉಡದ ಚರ್ಮವನ್ನು ಬಿಗಿಯುವ ವಾಡಿಕೆಯಿತ್ತು; ಚರ್ಮದ ಒಳಭಾಗಕ್ಕೆ ನೀರು ಚಿಮುಕಿಸಿ ಶ್ರುತಿ ಇಳಿಸಿ, ಚೌಕಟ್ಟು ಹಿಡಿದ ಎಡಗೈಯ ಬೆರಳುಗಳಿಂದಲೇ ಅಂಚಿನ ಚರ್ಮವನ್ನು ಒತ್ತಿ ನಾದವನ್ನು ಬಾಗಿಸುತ್ತಾರೆ. ಇಷ್ಟು ಚಿಕ್ಕ ವಾದ್ಯದಿಂದ ಅಷ್ಟು ಕೆಳಸ್ಥಾಯಿಯ ಗುಟುರು ಹೊರಡುವುದನ್ನು ಕೇಳಿದವನು ರಾಕ್ ತಂಡದ ಬಾಸ್ ಗಿಟಾರನ್ನು ಹುಡುಕುವ ಗೋಜಿಗೆ ಹೋಗಲಾರನು. ಘಟದ ಬಾಯನ್ನು ವಾದಕನು ತನ್ನ ಹೊಟ್ಟೆಗೆ ಆನಿಸಿ ತೆರೆದು ಮುಚ್ಚುವುದರಿಂದ ಅದರ ಮಂದ್ರನಾದವು ಬದಲಾಗುತ್ತದೆ. ಇನ್ನು ಮೋರ್ಚಿಂಗ್ ಎಂಬ ಕಬ್ಬಿಣದ ಪುಟ್ಟ ವಾದ್ಯದಲ್ಲಿ ಮೀಟುವ ನಾಲಗೆಯ ಶ್ರುತಿ ಒಂದೇ ಆಗಿದ್ದರೂ, ವಾದಕನು ಬಾಯಿಯ ಪೊಳ್ಳನ್ನು ಹಿಗ್ಗಿಸಿ ಕುಗ್ಗಿಸಿ ಬೇರೆ ಬೇರೆ ಉಪಸ್ವರಗಳನ್ನು ಎತ್ತಿ ತೋರಿಸುತ್ತಾನೆ. ರಾಕ್ ಗಿಟಾರ್ ವಾದಕನು ಕಾಲಡಿಯಲ್ಲಿ ವಾ-ವಾ ಪೆಡಲ್ ಇಟ್ಟುಕೊಂಡು ವಿದ್ಯುತ್ತಿನಿಂದ ಮಾಡುವ ಕೆಲಸವು ಇಲ್ಲಿ ಕೆನ್ನೆಯೊಳಗೆ ನಡೆಯುತ್ತದೆ.

ಈ ಬರಹದ ಲೇಖಕನೂ ಬಹುಕಾಲ ಇದೇ ಕಿವುಡಿನಲ್ಲಿದ್ದವನೇ. ‘ಜ್ಯೋತಿ’ಯನ್ನು ಮೊದಲು ಕೇಳಿದಾಗ, ಪರದೇಶದ ಅತಿಥಿಯೊಬ್ಬರು ಬಂದುಹೋದ ಕರ್ನಾಟಕ ಸಂಗೀತ ಕಛೇರಿ ಎಂದಷ್ಟೇ ತೀರ್ಮಾನಿಸಿ ಅದನ್ನು ಬದಿಗಿಟ್ಟಿದ್ದನು. ಕಿವಿ ತೆರೆದದ್ದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಒಂದು ಭಾರತ ಹುಣ್ಣಿಮೆಯ ಮಧ್ಯಾಹ್ನ. ಭಂಡಾರದ ಧೂಳು, ಉಧೋ ಉಧೋ ಕೂಗು, ಟ್ರ್ಯಾಕ್ಟರುಗಳ ಹಾಡು, ಇಷ್ಟೆಲ್ಲದರ ಬದಿಗೆ ಮರದ ನೆರಳಿನಲ್ಲಿ ಜೋಗಮ್ಮಳೊಬ್ಬಳು ಚೌಡಿಕೆ ನುಡಿಸುತ್ತ ಹಾಡುತ್ತಿದ್ದಳು. ಒಂದು ಬಾಯಿಗೆ ಚರ್ಮ ಬಿಗಿದು, ಆ ಚರ್ಮದ ನಡುವಿನಿಂದ ತಂತಿಯನ್ನು ಹೊರತಂದ ಕೊಳವೆಯೇ ಚೌಡಿಕೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು, ತಂತಿಯನ್ನು ಒಂದು ಕೈಯಿಂದ ಜಗ್ಗಿ ಸಡಿಲಿಸುತ್ತ ಇನ್ನೊಂದು ಕೈಯ ಕಡ್ಡಿಯಿಂದ ಮೀಟುತ್ತಾರೆ. ಹಾಡಿನ ಸಾಲು ಮುಗಿಯುವಲ್ಲಿ ಆಕೆಯ ದನಿಯು ಕೆಳಗೆ ಜಾರಿದಾಗ ತಂತಿಯೂ ಅದೇ ಹಾದಿಯಲ್ಲಿ ಜಾರಿತು. ಯಾವುದು ಕಂಠ, ಯಾವುದು ಚರ್ಮವೆಂಬುದು ಅರೆಗಳಿಗೆ ತಿಳಿಯದಾಯಿತು. ಆ ರಾತ್ರಿ ಮತ್ತೊಮ್ಮೆ ‘ಜ್ಯೋತಿ’ಯನ್ನು ಹಾಕಿದಾಗ ಲೇಖಕನಿಗೆ ಮೊದಲು ಕೇಳಿಸಿದ್ದು ಸ್ಯಾಕ್ಸೊಫೋನಲ್ಲ, ಮೃದಂಗದ ಎಡಮುಖ. ಚೌಡಿಕೆಯನ್ನು ಬೇಡುವವರ ವಾದ್ಯವೆಂದು ಮೂಗು ಮುರಿಯುವ ಪೇಟೆಯ ‘ಶಾಸ್ತ್ರೀಯ’ ರಸಿಕರಿಗೆ ಇಂಥ ಪಾಠ ದಕ್ಕುವುದು ಕಷ್ಟ.

ಜಾರು ಕೇಳಿಸಬೇಕಾದರೆ ಕೆಳಸ್ಥಾಯಿ ಉಳಿಯಬೇಕು. ಮೊಬೈಲಿನ ಸಣ್ಣ ಸ್ಪೀಕರು ಅದನ್ನು ನುಂಗಿಬಿಡುವುದರಿಂದ, ಅದರಲ್ಲಿ ಈ ಆಲ್ಬಮ್ ಕೇಳಿ ಅಭಿಪ್ರಾಯ ಹೇಳುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಧಾರವಾಡದಲ್ಲಿ ಹಿಂದೊಮ್ಮೆ ನಡೆದ ತಾಳವಾದ್ಯ ಕಛೇರಿಯೊಂದರಲ್ಲಿ ಧ್ವನಿವರ್ಧಕದವನು ‘ಗುಂಯ್ ಅನ್ನಾಕತ್ತೈತಿ’ ಎಂದು ಬಾಸ್ ಗುಂಡಿಯನ್ನು ಪೂರ್ತಿ ಇಳಿಸಿಬಿಟ್ಟಿದ್ದರಿಂದ, ಖಂಜಿರವು ತಗಡಿನ ಡಬ್ಬಿಯಾಗಿ, ಮೃದಂಗವು ಬರೀ ಬಲಮುಖವಾಗಿ, ಎರಡು ತಾಸಿನ ಕಛೇರಿಯು ಮಳೆ ಬಿದ್ದ ಪತ್ರಾಸಿನ ಸದ್ದಿನಂತೆ ಮುಗಿದದ್ದನ್ನು ಲೇಖಕನು ಇಂದಿಗೂ ಕ್ಷಮಿಸಿಲ್ಲ.

ತಾಳದ ಲೆಕ್ಕಾಚಾರದ ವಿಷಯದಲ್ಲಿ ಹೊಸಬರು ಅನಗತ್ಯವಾಗಿ ಹೆದರುತ್ತಾರೆ. ಆ ಲೆಕ್ಕವನ್ನು ಕೇಳಿಸುವ ಕೊನ್ನಕೋಲು ಎಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ. ‘ತಕಿಟ’ ಎಂದರೆ ಮೂರು, ‘ತಕಧಿಮಿ’ ಎಂದರೆ ನಾಲ್ಕು, ಎರಡೂ ಕೂಡಿದರೆ ಏಳು. ಬೈಲಹೊಂಗಲದಲ್ಲಿ ನಡೆದ ಘಟನೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ರಾತ್ರಿಯಿಡೀ ಕೂತು ನೋಡಿ, ಹಾಡು ಮುಗಿಯುವಲ್ಲಿ ತಾಳ ತಪ್ಪಿದರೆ ಕೂಡಲೇ ನಗುವ ಪ್ರೇಕ್ಷಕನಿಗೆ ಇದಕ್ಕಿಂತ ಹೆಚ್ಚಿನ ಪಾಠ ಬೇಕಾಗದು. ಬೆರಳೆಣಿಸುತ್ತ ಕೂರುವವನು ಲೆಕ್ಕವನ್ನು ಗೆದ್ದು ಸಂಗೀತವನ್ನು ಕಳೆದುಕೊಳ್ಳುತ್ತಾನೆ.

ಮರಿಯಾನೊ 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಚಾರ್ಲ್ಸ್ ಮಿಂಗಸ್ ಅವರ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ನುಡಿಸಿ ಹೆಸರಾದವರು, ಮುಂದೆ ನಾಗಸ್ವರಕ್ಕೆ ಮರುಳಾಗಿ ದಕ್ಷಿಣ ಭಾರತದಲ್ಲಿ ಅದನ್ನು ಕಲಿತರು. ಸ್ಯಾಕ್ಸೊಫೋನ್ ಎಂದೊಡನೆ ಕದ್ರಿ ಗೋಪಾಲನಾಥರನ್ನು ನೆನೆಯುವ ಕನ್ನಡಿಗನು ಒಂದು ಭೇದವನ್ನು ಮನಗಾಣಬೇಕು: ಕದ್ರಿಯವರು ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತದ ಮನೆಗೆ ಕರೆತಂದರೆ, ಮರಿಯಾನೊ ಹೊಸಿಲಿನ ಮೇಲೆಯೇ ನಿಂತು ಎರಡೂ ಕಡೆ ಮಾತಾಡಿಸುತ್ತಾರೆ. ನೇರ ಕೊಳವೆಯ ಸೊಪ್ರಾನೊ ಸ್ಯಾಕ್ಸೊಫೋನಿನ ನಾದವು ಈ ಭಾಗದ ಸನಾದಿಗೆ ಹತ್ತಿರವಾದುದರಿಂದ ಬೈಲಹೊಂಗಲದವರಿಗಾಗಲಿ ಕಿತ್ತೂರಿನವರಿಗಾಗಲಿ ಅದು ಪರಕೀಯವೆನಿಸದು. ರಮಾಮಣಿಯವರ ಕಂಠವನ್ನೂ ಸಾಹಿತ್ಯ ಹೇಳುವ ಹಾಡುಗಾರಿಕೆಯೆಂದು ತಿಳಿಯದೆ, ವಾದ್ಯಗಳ ಸಾಲಿನಲ್ಲಿ ಕೂತ ಮತ್ತೊಂದು ವಾದ್ಯವೆಂದು ಕೇಳುವುದು ಲೇಸು. ಮೊದಲ ಬಾರಿಗೆ ‘ವಂದನಂ’, ‘ವರ್ಷಿಣಿ’ ಎರಡನ್ನು ಕೇಳಿದರೆ ಸಾಕು; ಕೊನೆಯ ‘ಭಜನ್’ ಎಂಬ ಹೆಸರು ಕಂಡು ಅದರಿಂದಲೇ ಆರಂಭಿಸುವ ಆತುರ ಬೇಡ.

‘ಜ್ಯೋತಿ’ಯು ಒಗ್ಗಿದ ಮೇಲೆ ಮರಿಯಾನೊ ಅವರದೇ 1976ರ ‘ಹೆಲೆನ್ ಟ್ವೆಲ್ವ್ ಟ್ರೀಸ್’ಗೆ ಹೋಗಬಹುದು. ‘ಶಕ್ತಿ’ ಎಂಬ ಫ್ಯೂಷನ್ ತಂಡದ ಹೆಸರನ್ನು ಜಪದಂತೆ ಹೇಳುವ ನಮ್ಮ ಫ್ಯೂಷನ್ ಪ್ರೇಮಿಗಳಲ್ಲಿ ಈ ಕೃತಿಯ ಹೆಸರು ಕೇಳಿದವರೂ ವಿರಳ. ಇದು ಅಪ್ಪಟ ವಿದ್ಯುತ್ ಜಾಝ್-ರಾಕ್: ಬಾಸ್ ಗಿಟಾರಿನಲ್ಲಿ ಜ್ಯಾಕ್ ಬ್ರೂಸ್, ಡ್ರಮ್ಸ್‌ನಲ್ಲಿ ಜಾನ್ ಮಾರ್ಷಲ್, ಪಿಟೀಲಿನಲ್ಲಿ ಜ್ಬಿಗ್ನಿಯೆವ್ ಸೈಫರ್ಟ್, ಕೀಬೋರ್ಡ್‌ನಲ್ಲಿ ಯಾನ್ ಹ್ಯಾಮರ್, ಮರಿಯಾನೊ ಇಲ್ಲಿ ನಾಗಸ್ವರವನ್ನೂ ಎತ್ತಿಕೊಂಡಿದ್ದಾರೆ. ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಜಾಝ್-ರಾಕ್ ತಂಡದಿಂದ ಹೆಸರಾದ ಹ್ಯಾಮರ್ ಅವರ ಕೈಚಳಕವಿರುವುದು ಸಿಂಥಸೈಜರಿನ ಎಡಬದಿಯ ಒಂದು ಚಿಕ್ಕ ಗಾಲಿಯಲ್ಲಿ: ಬಲಗೈಯು ಮನೆಗಳನ್ನು ಒತ್ತುತ್ತಿರುವಾಗ ಎಡಗೈಯು ಆ ಗಾಲಿಯನ್ನು ಉರುಳಿಸಿದರೆ ಸ್ವರವು ಬಾಗುತ್ತದೆ. ಆ ಗಾಲಿಯಿಂದ ಹುಟ್ಟುವ ಜಾರೂ ಮೃದಂಗದ ಎಡಮುಖದ ಗುಮ್ಕಿಯೂ ಒಂದೇ ಆಸೆಯಿಂದ ಹೊರಟವೆಂಬುದು ಕಿವಿಗೆ ಹತ್ತಿದ ದಿನ, ಯಾವುದು ವಿದ್ಯುತ್ತಿನದು ಯಾವುದು ಚರ್ಮದ್ದು ಎಂಬ ತಕರಾರು ತಾನಾಗಿ ಬಿದ್ದುಹೋಗುತ್ತದೆ. ಅಷ್ಟರಲ್ಲಿ ಬನದ ಹುಣ್ಣಿಮೆಯೋ ಭಾರತ ಹುಣ್ಣಿಮೆಯೋ ಬಂದರೆ, ಕೇಳುಗನು ಗುಡ್ಡಕ್ಕೆ ಹೋಗಿ ಚೌಡಿಕೆ ಮೇಳದ ಎದುರಿಗೆ ಕೂರದೆ, ತಂತಿ ಜಗ್ಗುವ ಕೈ ಕಾಣುವಂತೆ ಓರೆಯಾಗಿ ಕೂರತಕ್ಕದ್ದು. ಹಾಡು ಯಾವುದೆಂದು ಯಾರನ್ನೂ ಕೇಳದೆ, ಮೊದಲ ಅರ್ಧ ತಾಸು ಆ ಕೈಯೊಂದನ್ನೇ ನೋಡತಕ್ಕದ್ದು.