ರಕ್ತಗುಲ್ಮವೂ ಕೋರಿಯೋಕಾರ್ಸಿನೋಮವೂ: ಒಂದು ಶಬ್ದವಿಮರ್ಶೆ

ಚರಕಸಂಹಿತೆಯ ನಿದಾನ ಚಿಕಿತ್ಸಾಸ್ಥಾನಗಳಲ್ಲಿ ಉಕ್ತವಾದ ರಕ್ತಗುಲ್ಮವೆಂಬ ಶಬ್ದವನ್ನು, ಪಾಶ್ಚಾತ್ಯ ವೈದ್ಯರು ಕೋರಿಯೋಕಾರ್ಸಿನೋಮವೆಂದು ಕರೆಯುವ ಅಪೂರ್ವವಾದ ಗರ್ಭಸಂಬಂಧಿ ಅರ್ಬುದಕ್ಕೆ ಪರ್ಯಾಯವಾಗಿ ಕನ್ನಡದಲ್ಲಿ ಬಳಸಬಹುದೆ ಎಂಬುದು ಪ್ರಕೃತ ವಿಚಾರ. ಬಳಸಬಹುದೆಂಬ ಪಕ್ಷಕ್ಕೆ ಬಲವಿಲ್ಲದಿಲ್ಲ.

ಮೊದಲು ಸಾಧರ್ಮ್ಯವನ್ನು ನೋಡೋಣ. ರಕ್ತಗುಲ್ಮವು ಸ್ತ್ರೀಯರಿಗೆ ಮಾತ್ರ ಬರತಕ್ಕದ್ದು. ಅದರಲ್ಲಿ ಆರ್ತವವು ನಿಂತು ಗರ್ಭಲಕ್ಷಣಗಳು ತೋರುತ್ತವೆ. ಆದರೆ ಒಳಗಿನದು ಅವಯವಗಳಿಂದ ಚಲಿಸದೆ ಪಿಂಡವಾಗಿಯೇ ಸ್ಪಂದಿಸುತ್ತದೆಂದು ಚರಕನು ಹೇಳಿರುವುದು ಸೂಕ್ಷ್ಮವಾದ ಮಾತು. ದ್ರಾಕ್ಷಿಗೊಂಚಲಿನಂತೆ ಬೆಳೆಯುವ ವಿಕೃತಗರ್ಭದಲ್ಲಿಯೂ ಸಾಮಾನ್ಯವಾಗಿ ಹೀಗೆಯೇ ಗರ್ಭಲಕ್ಷಣಗಳುಂಟು, ಶಿಶುವಿನ ಅವಯವಗಳಿಲ್ಲ. ಕೋರಿಯೋಕಾರ್ಸಿನೋಮದ ಸುಮಾರು ಅರ್ಧದಷ್ಟು ಪ್ರಸಂಗಗಳು ಇಂತಹ ಗರ್ಭದ ಅನಂತರ ಹುಟ್ಟುತ್ತವೆ. ಉಳಿದವು ಗರ್ಭಸ್ರಾವದ ಅಥವಾ ಸುಖಪ್ರಸವದ ತರುವಾಯ ಬರುತ್ತವೆ.

ಇಷ್ಟರಿಂದಲೇ ಅಭೇದವು ಸಿದ್ಧಿಸುವುದಿಲ್ಲ. ರಕ್ತಗುಲ್ಮದ ಸ್ಥಾನವು ಗರ್ಭಾಶಯ. ಅದು ಅನ್ಯಾಂಗಗಳಿಗೆ ಸಂಚರಿಸುವುದೆಂಬುದು ಅದರ ಲಕ್ಷಣದಲ್ಲಿ ಸೇರಿಲ್ಲ. ಈ ಅರ್ಬುದವಾದರೋ ರಕ್ತಮಾರ್ಗದಿಂದ ಬಹುಧಾ ಶ್ವಾಸಕೋಶಗಳನ್ನೂ, ಕೆಲವರಲ್ಲಿ ಮಿದುಳನ್ನೂ ಸೇರಿ ಅಲ್ಲಿ ರಕ್ತಸ್ರಾವವನ್ನುಂಟುಮಾಡುತ್ತದೆ. ಹೆರಿಗೆಯಾಗಿ ಎಷ್ಟೋ ತಿಂಗಳಾದ ಮೇಲೆ ಬಂದ ತಲೆಶೂಲೆ, ಸೆಳವು, ಪಕ್ಷಾಘಾತಗಳೇ ಇದರ ಪ್ರಥಮ ಚಿಹ್ನೆಯಾಗಬಹುದು. ಸುಶ್ರುತೋಕ್ತವಾದ ಅಧ್ಯರ್ಬುದವು ಇದಕ್ಕೆ ಸಮವೆಂದರೆ, ಅದು ಮೊದಲಿದ್ದ ಅರ್ಬುದದ ಮೇಲೆ ಹುಟ್ಟುವ ಮತ್ತೊಂದು, ಗುಲ್ಮದ ಭೇದವಲ್ಲ.

ಎರಡನೆಯ ಆಕ್ಷೇಪವು ಇನ್ನೂ ಗುರುತರವಾದುದು. ರಕ್ತಗುಲ್ಮಕ್ಕೆ ಹತ್ತನೆಯ ಮಾಸವು ಕಳೆದ ಮೇಲೆ ಚಿಕಿತ್ಸೆಯೆಂದು ಚರಕನ ವಿಧಿ. ಗರ್ಭವೋ ಗುಲ್ಮವೋ ಎಂಬ ಸಂದೇಹವನ್ನು ಕಳೆಯಲು ಅನ್ಯ ಸಾಧನವಿಲ್ಲದ ಕಾಲದಲ್ಲಿ ಅದು ವಿವೇಕದ ವಿಧಿಯೇ. ಇಂದು ಅಲ್ಟ್ರಾಸೌಂಡ್ ಪರೀಕ್ಷೆಯೂ, ರಕ್ತದಲ್ಲಿ ಎಚ್‌ಸಿಜಿ ಎಂಬ ದ್ರವ್ಯದ ಅಳತೆಯೂ ಆ ಸಂದೇಹವನ್ನು ಬೇಗನೆ ಪರಿಹರಿಸುತ್ತವೆ. ಹೆಸರನ್ನು ತಂದವರು ವಿಧಿಯನ್ನೂ ತಂದರೆ, ಕಾಯುವ ಆ ಹತ್ತು ತಿಂಗಳಲ್ಲಿ ರೋಗವು ಮಿದುಳನ್ನು ಮುಟ್ಟಬಹುದು.

ಹೆಸರು ಮತವನ್ನು ಹೊತ್ತುಕೊಂಡೇ ಬರುತ್ತದೆಂಬುದಕ್ಕೆ ಪಾಶ್ಚಾತ್ಯರಲ್ಲಿಯೂ ನಿದರ್ಶನವುಂಟು. ೧೮೮೯ರಲ್ಲಿ ಜರ್ಮನಿಯ ಸೆಂಗರನು ಇದು ತಾಯಿಯ ಗರ್ಭಾಶಯದ ಒಳಪೊರೆಯಿಂದ ಹುಟ್ಟುವುದೆಂದು ಬಗೆದು ತದನುಗುಣವಾದ ಹೆಸರಿಟ್ಟನು; ೧೮೯೫ರಲ್ಲಿ ಮಾರ್ಷಾಂಡನು ಇದರ ಮೂಲವು ಗರ್ಭದ ಹೊರಪೊರೆಯ ಕೋಶಗಳೆಂದು ತೋರಿಸಿದನು. ಆ ಪೊರೆಗೆ ನಮ್ಮಲ್ಲಿ ಜರಾಯುವೆಂದು ಹೆಸರು. ಯಣ್‌ಸಂಧಿಯಿಂದ ‘ಜರಾಯ್ವರ್ಬುದ’ವೆಂಬ ಪದವು ಸಾಧುವೇ ಆದರೂ ಕಿವಿಗೆ ಕರ್ಕಶ. ಹೆರಿಗೆಯ ಮನೆಯಲ್ಲಿ ಎಲ್ಲರೂ ಬಲ್ಲ ‘ಮಾಸು’ ಎಂಬ ಕನ್ನಡ ಮಾತಿರುವಾಗ ‘ಮಾಸಿನ ಅರ್ಬುದ’ವೆನ್ನುವುದೇ ಯುಕ್ತ, ಮಿದುಳಿನಲ್ಲಿ ಕಂಡರೂ ಇದರ ಮೂಲ ಯಾವುದೆಂಬುದನ್ನು ಈ ಹೆಸರು ಮರೆಸದು.

ಅರ್ಬುದವೆಂದೊಡನೆ ಅಸಾಧ್ಯವೆಂಬ ಭಾವನೆ ಬರುವುದಲ್ಲವೆ ಎಂದರೆ, ಇಲ್ಲಿ ಅದಕ್ಕೆ ಅವಕಾಶವಿಲ್ಲ. ೧೯೫೬ರಲ್ಲಿ ಅಮೆರಿಕೆಯ ಬೆಥೆಸ್ಡಾದಲ್ಲಿ ಲೀ, ಹರ್ಟ್ಸ್ ಮೊದಲಾದವರು ಮೆಥೊಟ್ರೆಕ್ಸೇಟ್ ಎಂಬ ಔಷಧದಿಂದ ಇದು ಶಮನವಾಗುವುದನ್ನು ಪ್ರಕಟಿಸಿದರು. ಇಂದು ಬಹುಮಂದಿ ಗುಣಹೊಂದುತ್ತಾರೆ. ಮಿದುಳಿಗೆ ಹರಡಿದವರಲ್ಲಿಯೂ ಅನೇಕರು ಬದುಕುತ್ತಾರೆ. ಅದಕ್ಕೆ ರೋಗವನ್ನು ಬೇಗ ಗುರುತಿಸಬೇಕು. ಆದಕಾರಣ ರಕ್ತಗುಲ್ಮವೆಂಬ ಪದವನ್ನು ಚರಕನ ಅರ್ಥದಲ್ಲಿಯೇ ಉಳಿಸಿ, ಈ ರೋಗಕ್ಕೆ ಬೇರೆ ಹೆಸರನ್ನು ಕೊಡುವುದು ಸಮಂಜಸವೆಂದು ವಿದ್ವಾಂಸರಲ್ಲಿ ವಿಜ್ಞಾಪನೆ.